ಮಾವನ ಪೆಟ್ಟಿಗೆಗೆ ಕೊಯ್ದ ತೂತು

ಬೀದಿಯವರೆಲ್ಲ ಅವನನ್ನು ಗುಡುಗಣ್ಣ ಎಂದು ಕರೆಯುತ್ತಾರೆ. ಹಾಲಿನವನು, ಪಕ್ಕದ ಅಂಗಡಿಯ ದರ್ಜಿ, ಎದುರಿನ ಬೇಕರಿಯವನು, ಕೊನೆಗೆ ಪೋಸ್ಟ್ ತರುವವನು ಕೂಡ. ಬೇರೆ ಯಾರಿಗಾದರೂ ಇಂಥ ಹೆಸರು ಸಿಕ್ಕಿದ್ದರೆ ಮೀಸೆ ತಿರುವಿಕೊಂಡು ಓಡಾಡುತ್ತಿದ್ದರು. ಇವನೋ, ಯಾರಾದರೂ 'ಗುಡುಗಣ್ಣಾ' ಎಂದು ಕೂಗಿದರೆ ಸಾಕು, ಕೈಯಲ್ಲಿರುವ ಸ್ಕ್ರೂಡ್ರೈವರನ್ನೇ ನೋಡುತ್ತ 'ಹೂಂ, ಹೇಳಿ' ಎನ್ನುತ್ತಾನೆ, ತಲೆ ಎತ್ತುವುದಿಲ್ಲ. ಜನ ಅದನ್ನು ವಿನಯ ಎಂದು ತಿಳಿದಿದ್ದಾರೆ. ವಿನಯವಂತೆ ವಿನಯ! ಅದು ನಾಚಿಕೆ. ನಾಲ್ಕು ವರ್ಷದಿಂದ ಅವನ ಹೊಟ್ಟೆಯೊಳಗೆ ಮಣೆ ಹಾಕಿಕೊಂಡು ಕೂತಿರುವ ನಾಚಿಕೆ. ಅದು ಹೇಗೆ ಬಂದು ಕೂತಿತು ಎನ್ನುವುದನ್ನು ಹೇಳುತ್ತೇನೆ. ಹೇಳುವಾಗ ಅವನನ್ನು ಗುಡುಗಣ್ಣ ಎಂದೇ ಕರೆಯುತ್ತೇನೆ, ಅವನಿಗೆ ಇಷ್ಟವಿಲ್ಲದಿದ್ದರೂ.

ಅವನದು ಹಳೆಯ ರೇಡಿಯೋ, ಸ್ಪೀಕರ್ ರಿಪೇರಿ ಅಂಗಡಿ. ಎಂಟಡಿ ಅಗಲ, ಹನ್ನೆರಡಡಿ ಉದ್ದ. ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಯಾರ್ಯಾರದೋ ರೇಡಿಯೋ, ನೆಲದ ಮೇಲೆ ಕಾಲಿಡಲು ಜಾಗವಿಲ್ಲದಂತೆ ಸ್ಪೀಕರ್ ಪೆಟ್ಟಿಗೆಗಳು. ಗಿರಾಕಿಗಳಿಗೆಂದು ಇರುವ ಒಂದೇ ಸ್ಟೂಲಿನ ಒಂದು ಕಾಲು ಗಿಡ್ಡ. ಹರಟೆ ಹೊಡೆಯುವವರು ಬಹಳ ಹೊತ್ತು ಕೂರಬಾರದೆಂದೇ ಅದನ್ನು ಸರಿಮಾಡಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ. ಹಳೆಯ ಪೆಟ್ಟಿಗೆಗಳ ದನಿ ತಿದ್ದುವುದರಲ್ಲಿ ಅವನದು ನಿಜಕ್ಕೂ ಪಳಗಿದ ಕೈ. ಅದುರುವ ಹಲಗೆಗೆ ಒಳಗಿಂದ ಅಡ್ಡಪಟ್ಟಿ ಕೊಡುವುದು, ಬಿರುಕು ಬಿಟ್ಟ ಸಂದಿಗೆ ಮೇಣ ತುಂಬುವುದು, ಒಳಗೋಡೆಗೆ ಉಣ್ಣೆ ಹಾಸುವುದು, ಎಲ್ಲ ಗೊತ್ತು. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿ ಸಂಸಾರ ನಡೆಸಿದವನು. ಕೆಲಸ ಬಾರದವನು ತಪ್ಪು ಮಾಡಿದ್ದರೆ ಇಷ್ಟು ನಾಚಿಕೆಯೂ ಆಗುತ್ತಿರಲಿಲ್ಲವೇನೋ.

ಅವನ ಮಾವ, ಅಂದರೆ ಹೆಂಡತಿಯ ಅಪ್ಪ, ಬಡಗಿ. ಮೇಜು, ಕಪಾಟು, ಬಾಗಿಲು ಹೊಟ್ಟೆಪಾಡಿಗೆ. ಸ್ಪೀಕರ್ ಪೆಟ್ಟಿಗೆ ಮಾತ್ರ ಪ್ರೀತಿಗೆ. ಜನ ಬರಿಯ ಸ್ಪೀಕರನ್ನು ಕೊಂಡು ತಂದು, ಪೆಟ್ಟಿಗೆಯನ್ನು ಬಡಗಿಯ ಹತ್ತಿರ ಮಾಡಿಸಿಕೊಳ್ಳುತ್ತಿದ್ದ ಕಾಲ ಒಂದಿತ್ತಲ್ಲ, ಆ ಕಾಲದಲ್ಲಿ ಮುದುಕ ಊರಿನ ಮನೆಗಳಿಗೆ ಹನ್ನೊಂದು ಜೊತೆ ಪೆಟ್ಟಿಗೆ ಮಾಡಿಕೊಟ್ಟಿದ್ದ. ಹನ್ನೆರಡನೆಯದು ತನ್ನದೇ ಪಡಸಾಲೆಗೆ. ಎಲ್ಲೂ ಒಂದು ಮೊಳೆ ಕಾಣದು. ಆರೂ ಕಡೆ ಮುಚ್ಚಿದ, ಎಲ್ಲೂ ಗಾಳಿ ಸೋರದ ಪೆಟ್ಟಿಗೆಗಳು. ಮುಗಿದ ಮೇಲೆ ಜೋರಾಗಿ ಹಾಡು ಹಾಕಿ, ಒಂದು ಮೇಣದಬತ್ತಿ ಹಚ್ಚಿ, ಅದನ್ನು ಪ್ರತಿ ಸಂದಿಯ ಉದ್ದಕ್ಕೂ ನಿಧಾನ ಸಾಗಿಸುತ್ತಿದ್ದ. ಬೆಂಕಿಯ ಕುಡಿ ಎಲ್ಲಾದರೂ ಅಲುಗಿದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಕುಡಿ ನೆಟ್ಟಗೆ ನಿಂತರೆ ಮಾತ್ರ ಪೆಟ್ಟಿಗೆ ಮನೆಯಿಂದಾಚೆ ಹೋಗಬೇಕು. 'ನನ್ನ ಪೆಟ್ಟಿಗೆ ಉಸಿರು ಬಿಡಲ್ಲ ಅಳಿಯಂದ್ರೇ, ಹಾಡೋದು ಮಾತ್ರ' ಎಂದು ಮದುವೆಯಾದ ಹೊಸತರಲ್ಲಿ ಗುಡುಗಣ್ಣನಿಗೆ ಹೇಳಿದ್ದ. ಅಳಿಯನಿಗೆ ಬಹುವಚನ ಬಿಟ್ಟು ಮಾತಾಡಿದವನೇ ಅಲ್ಲ.

ಮಾವನ ಸ್ಪೀಕರುಗಳಿಗೆ ವಯಸ್ಸಾಗಿ, ಕಾಗದದ ಕೋನಿನ ಸುತ್ತಲಿನ ರಬ್ಬರ್ ಅಂಚು ಪುಡಿಪುಡಿಯಾಯಿತು. ದನಿ ವರ್ಷವರ್ಷಕ್ಕೂ ಕುಗ್ಗುತ್ತ ಬಂದು, ಪೆಟ್ಟಿಗೆ ಮೊದಲು ಹೇಗೆ ಹಾಡುತ್ತಿತ್ತು ಎನ್ನುವುದೇ ಮನೆಯವರಿಗೆ ಮರೆತುಹೋಗಿತ್ತು. ಗುಡುಗಣ್ಣ ಅವನ್ನು ಬಿಚ್ಚಿ ತಂದು, ಹೊಸ ಅಂಚು ಅಂಟಿಸಿ, ತಂತಿ ಬೆಸೆದು ಮತ್ತೆ ಕೂರಿಸಿಕೊಟ್ಟ. ಹಾಡು ಬಂತು, ಆದರೆ ದಪ್ಪ ದನಿ, ಅದೇ, ಎಲ್ಲರೂ ಬೇಸ್ ಅನ್ನುತ್ತಾರಲ್ಲ, ಅದು ಬರಲಿಲ್ಲ.

'ಸ್ವಲ್ಪ ಸಣ್ಣಗೆ ಕೇಳ್ಸುತ್ತೆ ಅಲ್ವಾ?' ಎಂದ ಮಾವ, ಬಹಳ ಮೆಲ್ಲಗೆ.

'ಹೊಸ ಅಂಚು ಮಾವ, ಪಳಗಬೇಕು.'

ಮೂರು ತಿಂಗಳಾದರೂ ಪಳಗಲಿಲ್ಲ. ಒಂದು ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಹೆಂಡತಿಯ ತಮ್ಮ ಬಾಯಿಬಿಟ್ಟ. ಅವನು ಒಳ್ಳೆಯವನೇ, ಆದರೆ ನಾಲಿಗೆಗೆ ಎಲುಬಿಲ್ಲ. 'ಏನ್ ಭಾವ, ಮನೇಲೇ ಡಾಕ್ಟ್ರನ್ನ ಇಟ್ಕೊಂಡು ನಮ್ಮ ಸ್ಪೀಕರ್ ಸೊಳ್ಳೆ ತರ ಹಾಡ್ತಿದೆಯಲ್ಲ!' ಎಂದ. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಗುಡುಗಣ್ಣನಿಗೆ ಕಿವಿಯ ತುದಿ ಸುಟ್ಟಹಾಗಾಯಿತು. ಒಂದು ಗಳಿಗೆ ಸುಮ್ಮನಿದ್ದು, ಮನೆಗೆ ಹೋಗಿ ಬಿಚ್ಚಿ ನೋಡ್ತೀನಿ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಹೇಳಿದ್ದು ಬೇರೆ.

'ನನ್ನ ಕೆಲಸದಲ್ಲಿ ಏನೂ ಇಲ್ಲ. ಪೆಟ್ಟಿಗೇಲೇ ದೋಷ. ಈಗ ಯಾರು ಹಿಂಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಮಾಡ್ತಾರೆ? ಹಿಂದೆ ತೂತು ಕೊಟ್ಟು, ಒಳಗೆ ಪೈಪ್ ಕೂರಿಸ್ತಾರೆ. ಗಾಳಿ ಆಡಬೇಕು. ಇದರಲ್ಲಿ ದನಿ ಒಳಗೇ ಸಾಯುತ್ತೆ.'

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನೆಲ ಹಾಸಿದವನು ಅಲ್ಲೇ ಎದುರಿಗೆ ಕೂತಿದ್ದ. ನಗು ನಿಂತಿತು. ಮಾವ ತನ್ನ ಪೆಟ್ಟಿಗೆಗಳನ್ನು ಒಂದು ಸಲ ನೋಡಿದ, ಅಳಿಯನನ್ನು ನೋಡಿದ. 'ಇರಬಹುದು. ನಾನು ಓದಿದವನಲ್ಲ, ಕಣ್ಣಂದಾಜಲ್ಲಿ ಮಾಡಿದ್ದು. ನಿಮಗೆ ಹಾಗನ್ನಿಸಿದ್ರೆ ಕೊಯ್ದುಬಿಡಿ ಅಳಿಯಂದ್ರೇ' ಎಂದ.

ಆಡಿದ ಮಾತನ್ನು ನುಂಗುವ ಧೈರ್ಯ ಇರಲಿಲ್ಲ. ಮಾರನೆಯ ವಾರ ಪೆಟ್ಟಿಗೆಗಳು ಅಂಗಡಿಗೆ ಬಂದವು. ಸಾವಿರ ಸ್ಪೀಕರ್ ಬಿಚ್ಚಿದ ಕೈ, ನೋಡುವುದೇನು? ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ ಸ್ಪೀಕರುಗಳನ್ನು ಬದಿಗಿಟ್ಟ. ಹಿಂದಿನ ಹಲಗೆಯ ಮೇಲೆ ವೃತ್ತ ಬರೆದು, ಡ್ರಿಲ್ಲಿನಿಂದ ಅಂಚಿಗೆ ತೂತು ಹೊಡೆದು, ಗರಗಸ ಇಳಿಸಿದ. ಹಳೆಯ ಮರ ಗಟ್ಟಿಯಿತ್ತು. ನಲವತ್ತು ವರ್ಷ ಬೆಳಕು ಕಾಣದ ಒಳಭಾಗದಿಂದ ನಿನ್ನೆ ತಾನೇ ಕೊಯ್ದ ಹಲಗೆಯಂಥ ವಾಸನೆ ಬಂತು. ಒಳಗೆ ಕೈ ಹಾಕಿದರೆ ಹೊರಗಿನಷ್ಟೇ ನುಣುಪು. ಯಾರೂ ನೋಡದ ಜಾಗವನ್ನೂ ಮುದುಕ ಉಜ್ಜಿ ಪಾಲಿಶ್ ಮಾಡಿಟ್ಟಿದ್ದ. ಗುಡುಗಣ್ಣನ ಕೈ ಒಂದು ಸಲ ಹಿಂದೆ ಸರಿಯಿತು. ಆದರೆ ಎರಡನೆಯ ಪೆಟ್ಟಿಗೆಯನ್ನೂ ಕೊಯ್ದ.

ಆಮೇಲೆ ಸ್ಪೀಕರನ್ನು ಮತ್ತೆ ಕೂರಿಸಲು ಎತ್ತಿಕೊಂಡಾಗ ಕಂಡಿತು. ಸ್ಪೀಕರಿನ ಹಿಂದೆ ತಂತಿ ಬೆಸೆಯಲು ಎರಡು ಕಿವಿಗಳಿರುತ್ತವೆ, ಒಂದರ ಪಕ್ಕ ಕೆಂಪು ಚುಕ್ಕೆ. ಕೆಂಪು ತಂತಿ ಆ ಚುಕ್ಕೆಗೇ ಹೋಗಬೇಕು. ಇದು ಈ ಕೆಲಸದ ಅಆಇಈ. ಒಂದು ಸ್ಪೀಕರಿನಲ್ಲಿ ಸರಿಯಿತ್ತು. ಇನ್ನೊಂದರಲ್ಲಿ ಕೆಂಪು ಚುಕ್ಕೆಗೆ ಕಪ್ಪು ತಂತಿಯ ತುಂಡು ಅಂಟಿಕೊಂಡಿತ್ತು. ಬೆಸುಗೆ ಅವನದೇ. ಸಣ್ಣ ಮುತ್ತಿನಂತೆ ಹೊಳೆಯುವ ಬೆಸುಗೆ ಊರಲ್ಲಿ ಇನ್ಯಾರೂ ಹಾಕುವುದಿಲ್ಲ. ಹೀಗೆ ಒಂದಕ್ಕೆ ತಂತಿ ಅದಲುಬದಲಾದರೆ ಹಾಡೇನೂ ನಿಲ್ಲುವುದಿಲ್ಲ, ಅದೇ ಮೋಸ. ಒಂದು ಕೋನು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಒಂದು ಕೊಟ್ಟ ದಪ್ಪ ದನಿಯನ್ನು ಇನ್ನೊಂದು ತಿಂದುಹಾಕುತ್ತದೆ.

ಗುಡುಗಣ್ಣ ತಂತಿ ಸರಿಮಾಡಿದ. ಕೊಯ್ದು ತೆಗೆದ ಮರದ ಬಿಲ್ಲೆಗಳನ್ನೇ ತೂತಿಗೆ ಒತ್ತಿ, ಸುತ್ತ ಟೇಪ್ ಸುತ್ತಿ ಹಾಡು ಹಾಕಿದ. ಅಂಗಡಿಯ ನೆಲ ಗುಂಯ್ ಎಂದಿತು. ಹಲಗೆಯ ಮೇಲಿನ ಡಬ್ಬಿಗಳಲ್ಲಿ ಸ್ಕ್ರೂಗಳು ಕುಣಿದವು. ಪೆಟ್ಟಿಗೆಗೆ ಯಾವ ರೋಗವೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಗಿತ್ತು. ಅವನು ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಮಾವನಿಗೆ ಹೇಳಿಬಿಡಬೇಕು ಎಂದುಕೊಂಡ. ಆಮೇಲೆ ಭಾವಮೈದುನನ ನಗು ನೆನಪಾಯಿತು. ಎದ್ದು, ಟೇಪ್ ಕಿತ್ತು, ತೂತಿಗೆ ಪೈಪ್ ಕೂರಿಸಿದ.

ಪೆಟ್ಟಿಗೆಗಳು ಪಡಸಾಲೆಗೆ ವಾಪಸು ಬಂದ ದಿನ ಅಕ್ಕಪಕ್ಕದವರೂ ಸೇರಿದ್ದರು. ಹಾಡು ಶುರುವಾಯಿತು, ಕಪಾಟಿನಲ್ಲಿ ಲೋಟಗಳು ನಡುಗಿದವು. 'ಅಬ್ಬಬ್ಬಾ, ಗುಡುಗು ಕಣೋ!' ಎಂದು ಭಾವಮೈದುನ ಎದ್ದು ಕುಣಿದ. 'ಇವತ್ತಿಂದ ಭಾವನ ಹೆಸರು ಗುಡುಗಣ್ಣ!' ಹೆಸರು ಆವತ್ತು ಹುಟ್ಟಿತು.

ಮಾವ ಮಾತ್ರ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು, ಅದರ ಬೆನ್ನಿನ ತೂತಿನ ಮುಂದೆ ಅಂಗೈ ಹಿಡಿದ. ಒಳಗಿನ ಗಾಳಿ ಬಂದು ಕೈಗೆ ಬಡಿಯುತ್ತಿತ್ತು. 'ನಲವತ್ತು ವರ್ಷ ಇದರ ಬಾಯಿ ಹೊಲಿದಿಟ್ಟಿದ್ನಲ್ಲ ನಾನು' ಎಂದ. ಯಾರಿಗೂ ಕೇಳಿಸಲಿಲ್ಲ, ಗುಡುಗಣ್ಣನಿಗೆ ಕೇಳಿಸಿತು. ಚಹಾದ ಲೋಟ ಕೈಯಲ್ಲಿತ್ತು. ಅದನ್ನು ಕುಡಿದ. ಬಾಯಿ ಚಹಾ ಕುಡಿಯಲು ತೆರೆಯಿತು, ನಿಜ ಹೇಳಲು ತೆರೆಯಲಿಲ್ಲ.

ಸುಳ್ಳು ಅಲ್ಲಿಗೇ ನಿಂತಿದ್ದರೂ ಒಂದು ಮಾತು. ಎರಡು ವಾರ ಕಳೆದ ಮೇಲೆ ಹೆಂಡತಿ ಹೇಳಿದಳು: 'ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲವಂತೆ ರೀ. ಹಳೇ ನೋಟ್‌ಬುಕ್ ತೆಗೆದು ಯಾರ್ಯಾರಿಗೆ ಪೆಟ್ಟಿಗೆ ಮಾಡಿಕೊಟ್ಟಿದ್ದೆ ಅಂತ ಪಟ್ಟಿ ಮಾಡ್ತಿದ್ದಾನೆ. ಎಲ್ಲರ ಮನೇಗೂ ಹೋಗ್ತಾನಂತೆ.'

'ಯಾಕೆ?'

'ಕೆಟ್ಟ ಮಾಲು ಕೊಟ್ಟಿದ್ದೀನಿ, ನಾನು ಕಣ್ಣು ಮುಚ್ಚೋದ್ರೊಳಗೆ ಸರಿಮಾಡ್ಸಿ ಕೊಡಬೇಕು ಅಂತಾನೆ. ನಿಮ್ಮ ಕೈಲಿ ತೂತು ಹಾಕ್ಸಿ.'

ಮುದುಕ ಮಾತಿಗೆ ತಕ್ಕಂತೆ ಹೊರಟೇಬಿಟ್ಟ. ಎಪ್ಪತ್ತೆಂಟು ವರ್ಷದವನು, ಕೋಲು ಹಿಡಿದು, ಬಸ್ಸು ಹತ್ತಿ, ಮಹಡಿ ಹತ್ತಿ, ಬಾಗಿಲು ತಟ್ಟಿ, 'ನಾನು ನಿಮಗೆ ತಪ್ಪು ಪೆಟ್ಟಿಗೆ ಮಾಡಿಕೊಟ್ಟೆ, ಕ್ಷಮಿಸಬೇಕು' ಎಂದು ಕೈಮುಗಿದ. ಮೊದಲು ಸಿಕ್ಕವನು ಬೇಕರಿಯವನು. ಅವನ ಪೆಟ್ಟಿಗೆಗಳು ಬ್ರೆಡ್ಡಿನ ತಳ್ಳುಗಾಡಿಯಲ್ಲಿ ಅಂಗಡಿಗೆ ಬಂದವು. ಅವುಗಳ ತಂತಿ ಸರಿಯಿತ್ತು, ದನಿ ಸರಿಯಿತ್ತು, ಎಲ್ಲ ಸರಿಯಿತ್ತು. ಆದರೆ ಮಾವ ಪಕ್ಕದಲ್ಲೇ ನಿಂತಿದ್ದ, ಬೇಕರಿಯವನು ಕಾಯುತ್ತಿದ್ದ. ಗುಡುಗಣ್ಣ ಅವನ್ನೂ ಕೊಯ್ದ. ಹೌದು, ಗೊತ್ತಿದ್ದೂ ಕೊಯ್ದ! ನನಗೂ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ. ಮೊದಲನೆಯದು ತಪ್ಪು ಅನ್ನಿ, ಇದಕ್ಕೆ ಏನನ್ನುತ್ತೀರಿ? ಕೊಯ್ದ ಮೇಲೆ ಆ ಪೆಟ್ಟಿಗೆಗಳ ದನಿ ಡಬ್ಬ್ ಡಬ್ಬ್ ಎಂದು ಡೊಳ್ಳುಹೊಟ್ಟೆ ಬಡಿದಂತೆ ಕೇಳುತ್ತಿತ್ತು. ಬೇಕರಿಯವನು 'ಸೂಪರ್ ಗುಡುಗಣ್ಣ' ಎಂದ. ಆ ರಾತ್ರಿ ಗುಡುಗಣ್ಣ ಹೆಂಡತಿಯ ಕಡೆ ಬೆನ್ನು ಮಾಡಿ ಮಲಗಿದ.

ಎರಡನೆಯದಾಗಿ ಬಂದವು ಹಾಡಿನ ಟೀಚರಮ್ಮನ ಪೆಟ್ಟಿಗೆಗಳು. ಆಕೆ ನಿವೃತ್ತಳಾಗಿ ಹತ್ತು ವರ್ಷವಾಗಿದ್ದರೂ ಊರಿಗೆಲ್ಲ ಇನ್ನೂ ಟೀಚರಮ್ಮನೇ. ಆಟೋದಲ್ಲಿ ತಾನೇ ಪೆಟ್ಟಿಗೆ ತಂದಿಳಿಸಿದಳು. ಮಾವ ಇನ್ನೂ ಬಂದಿರಲಿಲ್ಲ.

'ನೋಡಪ್ಪಾ' ಎಂದಳು, 'ನಂಗಂತೂ ಇವು ಚೆನ್ನಾಗೇ ಕೇಳ್ಸುತ್ವೆ. ಮೂವತ್ತು ವರ್ಷ ಇವನ್ನೇ ಕೇಳಿಸಿ ಮಕ್ಕಳಿಗೆ ಪಾಠ ಹೇಳಿದ್ದೀನಿ. ಆದ್ರೆ ನಿಮ್ಮ ಮಾವ ಬಂದು ಬಾಗಿಲಲ್ಲಿ ನಿಂತು ಅತ್ತುಬಿಟ್ರು. ಅಷ್ಟು ವಯಸ್ಸಾದವರು ಅಳೋದು ನೋಡಕ್ಕಾಗ್ಲಿಲ್ಲ. ಏನ್ ಬೇಕಾದ್ರೂ ಮಾಡ್ಕೊಳ್ಳಿ ಅಂತ ಕೊಟ್ಟೆ.'

ಆಕೆ ಹೋದಳು. ಮಾವ ಬಂದ. ಕಿವಿಯ ಸಂದಿನಲ್ಲಿ ಹಳೆಯ ಪೆನ್ಸಿಲ್ಲು, ಕೈಯಲ್ಲಿ ಹಳೆಯ ಕೈವಾರ. 'ನೀವು ಕೂತ್ಕೊಳ್ಳಿ, ಗುರುತು ನಾನೇ ಹಾಕ್ತೀನಿ' ಎಂದು ಪೆಟ್ಟಿಗೆಯನ್ನು ಮಗ್ಗುಲಾಗಿಸಿ, ಎಲ್ಲೂ ಒಂದು ಗೀರಿಲ್ಲದ ಆ ಹಲಗೆಯ ಮೇಲೆ ಕೈವಾರ ಊರಿದ. ಕೈ ನಡುಗಿತು, ವೃತ್ತ ಕೂಡಲಿಲ್ಲ. ಅಂಗಿಯ ತೋಳಿನಿಂದ ಒರೆಸಿ ಮತ್ತೆ ಬರೆದ. ಮತ್ತೂ ಕೂಡಲಿಲ್ಲ. 'ಮಾಡುವಾಗ ನಡುಗದ ಕೈ, ತಿದ್ದೋಕೆ ನಡುಗುತ್ತೆ ನೋಡಿ' ಎಂದು ನಗಲು ನೋಡಿದ.

ಗುಡುಗಣ್ಣ ಡ್ರಿಲ್ಲನ್ನು ಕೆಳಗಿಟ್ಟ.

'ಮಾವ, ಒಂದು ನಿಮಿಷ. ಇದನ್ನ ಕೇಳಿ.'

ಟೀಚರಮ್ಮನ ಪೆಟ್ಟಿಗೆಗಳನ್ನು ಹಾಗೆಯೇ ಜೋಡಿಸಿ ಹಾಡು ಹಾಕಿದ. ತುಂಬಿದ ದನಿ. ಆಮೇಲೆ ಒಂದು ಪೆಟ್ಟಿಗೆಯ ಎರಡು ತಂತಿಯನ್ನು ಅದಲುಬದಲು ಮಾಡಿದ. ದನಿ ತೆಳ್ಳಗಾಯಿತು, ಸೊಳ್ಳೆಯ ದನಿ. ಮತ್ತೆ ತಿರುಗಿಸಿ ಕೊಟ್ಟ. ನೆಲ ಗುಂಯ್ ಎಂದಿತು.

'ಇಷ್ಟೇ ಮಾವ. ನಿಮ್ಮ ಪೆಟ್ಟಿಗೇಲೂ ಇಷ್ಟೇ ಆಗಿದ್ದು. ಅಂಚು ಬದಲಾಯಿಸಿದಾಗ ತಂತಿ ಉಲ್ಟಾ ಕೊಟ್ಟಿದ್ದು ನಾನು. ತೂತಿಂದ ಏನೂ ಆಗಲಿಲ್ಲ.'

ಮಾವ ಪೆನ್ಸಿಲ್ಲನ್ನು ನಿಧಾನವಾಗಿ ಕಿವಿಗೆ ಸಿಕ್ಕಿಸಿದ. 'ಹಾಗಾದ್ರೆ ನಂದು ಸರಿಯಾಗಿತ್ತಾ?'

'ಸರಿಯಾಗಿತ್ತು.'

'ಇನ್ನೊಂದ್ಸಲ ಹೇಳಿ.'

'ನಿಮ್ಮ ಪೆಟ್ಟಿಗೇಲಿ ಯಾವ ದೋಷಾನೂ ಇರಲಿಲ್ಲ ಮಾವ.'

ಮುದುಕನ ಮುಖ ಹುಡುಗನ ಮುಖದಂತೆ ಅರಳಿತು. ಟೀಚರಮ್ಮನ ಪೆಟ್ಟಿಗೆಯ ಬೆನ್ನನ್ನು ಮಗುವಿಗೆ ತಟ್ಟುವಂತೆ ತಟ್ಟಿದ. ಸಿಟ್ಟು ಬರಲಿ, ಬೈಯಲಿ, ಕೋಲಿನಿಂದ ಎರಡು ಬಿಡಲಿ ಎಂದು ಕಾಯುತ್ತಿದ್ದ ಗುಡುಗಣ್ಣನಿಗೆ ಆ ಸಂತೋಷವನ್ನು ನೋಡಲಾಗಲಿಲ್ಲ. ಆಮೇಲೆ ಮಾವನಿಗೆ ಏನೋ ಹೊಳೆಯಿತು. ಕೈ ತಟ್ಟುವುದನ್ನು ನಿಲ್ಲಿಸಿತು.

'ಬೇಕರಿಯವರದ್ದು ಕೊಯ್ಯೋವಾಗ ನಿಮಗೆ ಇದು ಗೊತ್ತಿತ್ತಾ?'

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟಾದರೂ ಅವನ ಪುಣ್ಯ. 'ಗೊತ್ತಿತ್ತು' ಎಂದ.

ಮಾವ ಕೈವಾರ ಮಡಚಿ ಜೇಬಿಗಿಟ್ಟ. ಕೋಲು ಹುಡುಕಿಕೊಂಡು ಎದ್ದ. ಬಾಗಿಲ ಹತ್ತಿರ ತಿರುಗಿ ಹೇಳಿದ: 'ಇದು ನಮ್ಮಿಬ್ಬರಲ್ಲೇ ಇರಲಿ. ರಿಪೇರಿಯವನು ತಂತಿ ಉಲ್ಟಾ ಕೊಟ್ಟ ಅಂದ್ರೆ ನಾಳೆಯಿಂದ ಈ ಅಂಗಡಿ ಮೆಟ್ಟಿಲು ಯಾರೂ ಹತ್ತಲ್ಲ. ನನ್ನ ಮಗಳು ಉಣ್ಣೋ ಅನ್ನ ಇದು. ನಾನು ಉಳಿ ಕೆಳಗಿಟ್ಟವನು, ನಂಗೇನಾಗಬೇಕು? ನಂಗೆ ಗೊತ್ತಾಯ್ತಲ್ಲ, ಸಾಕು.'

ಗುಡುಗಣ್ಣ ಬೇಡ ಎನ್ನಬೇಕಿತ್ತು. ತಲೆ ಆಡಿಸಿದ.

ಆಮೇಲೆ ಮುದುಕ ಅಟ್ಟದಿಂದ ಹಳೆಯ ಹಲಗೆಯ ತುಂಡು ಇಳಿಸಿ, ಬೇಕರಿಯವನ ಎರಡು, ತನ್ನ ಎರಡು, ಒಟ್ಟು ನಾಲ್ಕು ಬಿಲ್ಲೆ ಕೆತ್ತಿದ. ಎಂಟು ದಿನ ಹಿಡಿಯಿತು. ಸಹಾಯಕ್ಕೆ ಬರಲೇ ಎಂದ ಅಳಿಯನಿಗೆ 'ಬೇಡ ಅಳಿಯಂದ್ರೇ, ನಿಮಗೆ ಅಂಗಡಿ ಕೆಲಸ ಇರುತ್ತೆ' ಎಂದ. ಮರದ ಗೆರೆಗೆ ಗೆರೆ ಕೂಡಿಸಿ ತೂತು ಮುಚ್ಚಿದ. ಮೇಣದಬತ್ತಿ ಹಿಡಿದು ನೋಡಿದಾಗ ಕುಡಿ ಅಲುಗಲಿಲ್ಲ. ಯಾಕೆ ಮುಚ್ಚಿದಿರಿ ಎಂದು ಕೇಳಿದವರಿಗೆಲ್ಲ, 'ಅಳಿಯಂದ್ರು ಒಳಗೆ ಎಲ್ಲ ಸರಿಮಾಡಿದಾರೆ, ಇನ್ನು ತೂತು ಬೇಕಿಲ್ಲವಂತೆ. ನಾನು ಮಾಡಿದ್ದರಲ್ಲೇ ದೋಷ ಇತ್ತು' ಎಂದ. ಉಳಿದ ಮನೆಗಳವರಿಗೆ ನಿಮ್ಮವು ಸರಿಯಿವೆಯಂತೆ ಎಂದು ಹೇಳಿ ಕಳಿಸಿದ. ಗುಡುಗಣ್ಣನ ಅಂಗಡಿಗೆ ಗಿರಾಕಿಗಳು ಹೆಚ್ಚಾದರು. ತನ್ನ ತಪ್ಪನ್ನು ಮಾವ ಹೊತ್ತು ತಿರುಗುತ್ತಿದ್ದಾನೆ, ತಾನು ಮಾವನ ಮಾನ ತಿಂದು ಬದುಕುತ್ತಿದ್ದೇನೆ ಎಂದು ಅವನಿಗೆ ಪ್ರತಿ ತುತ್ತಿಗೂ ಅನ್ನಿಸುತ್ತಿತ್ತು. ಆದರೂ ನಾಲ್ಕು ವರ್ಷ ತಿಂದ.

ಹೋದ ತಿಂಗಳು ಮಾವನ ಮನೆಯಲ್ಲಿ ಮತ್ತೆ ಎಲ್ಲರೂ ಸೇರಿದ್ದರು. ಭಾವಮೈದುನ ತನ್ನ ಆಫೀಸಿನ ಗೆಳೆಯನನ್ನು ಕರೆತಂದಿದ್ದ. ಹಾಡು ಕೇಳಿ ಗೆಳೆಯ ಬೆರಗಾದ. 'ಇದಕ್ಕೊಂದು ಕಥೆ ಇದೆ' ಎಂದ ಭಾವಮೈದುನ. 'ನಮ್ಮಪ್ಪ ನಲವತ್ತು ವರ್ಷ ಮೂಕ ಪೆಟ್ಟಿಗೆ ಇಟ್ಕೊಂಡು ಪೂಜೆ ಮಾಡ್ತಿದ್ದ. ಅಪ್ಪನಿಗೇ ಅದು ಗೊತ್ತಾಗಿರ್ಲಿಲ್ಲ! ಕೊನೆಗೆ ಭಾವ ಬಂದು ಮಾತು ಬರಿಸಿದ್ರು.' ಎಲ್ಲರೂ ನಕ್ಕರು. ಮಾವನೂ ನಕ್ಕ, ಹಲ್ಲಿಲ್ಲದ ಬಾಯಿ ತೆರೆದು, ತಲೆ ಆಡಿಸುತ್ತ. ಆ ನಗು ಗುಡುಗಣ್ಣನ ಎದೆಗೆ ನಾಟಿತು.

'ಸುಳ್ಳು' ಎಂದ. ಎದ್ದು ನಿಂತಿದ್ದ. 'ಪೆಟ್ಟಿಗೆ ಮೊದಲಿಂದಲೂ ಸರಿಯಿತ್ತು. ತಂತಿ ಉಲ್ಟಾ ಕೊಟ್ಟಿದ್ದು ನಾನು. ತಪ್ಪು ಮುಚ್ಕೊಳ್ಳಕ್ಕೆ ಮಾವನ ಪೆಟ್ಟಿಗೆ ಮೇಲೆ ಹಾಕ್ದೆ. ಬೇಕರಿಯವನದ್ದೂ ಸುಮ್ಮಸುಮ್ಮನೆ ಕೊಯ್ದೆ.'

ಭಾವಮೈದುನನ ಕಣ್ಣು ತುಂಬಿತು. ಬಂದು ಭಾವನ ಹೆಗಲ ಮೇಲೆ ಕೈಯಿಟ್ಟ. 'ನೋಡಿದ್ಯಾ?' ಎಂದ ಗೆಳೆಯನಿಗೆ. 'ಇದು ನಮ್ಮ ಭಾವ. ಅಪ್ಪನ್ನ ನಾನು ತಮಾಷೆ ಮಾಡಿದ್ದು ಸಹಿಸಕ್ಕಾಗ್ದೆ ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಂಡ್ರು. ಇಂಥ ಅಳಿಯ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು.' ಗೆಳೆಯ ಕೈ ಕುಲುಕಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನನ್ನು ಹೆಮ್ಮೆಯಿಂದ ನೋಡಿದಳು.

'ಅಯ್ಯೋ, ನಿಜಾನೇ ಹೇಳ್ತಿರೋದು!' ಎಂದು ಗುಡುಗಣ್ಣ ಕೂಗಿದ. 'ನೋಡಿ ಬೇಕಾದ್ರೆ, ತೋರಿಸ್ತೀನಿ.' ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಒಂದು ತಂತಿ ತಿರುಗಿಸಿ ಕೊಟ್ಟರೆ ಎಲ್ಲರಿಗೂ ತಾನಾಗಿಯೇ ಕೇಳಿಸುತ್ತದೆ.

ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಒಂದು ಕೈ ಬಿತ್ತು. ನಡುಗುವ ಕೈ, ಆದರೆ ಹಿಡಿತ ಬಡಗಿಯದೇ. ಮಾವ ಕುರ್ಚಿಯಿಂದ ಎದ್ದು ಬಂದಿದ್ದ. ಬಗ್ಗಿ, ಅವನೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ, ಯಾವಾಗಿನಂತೆ ಬಹುವಚನದಲ್ಲೇ ಹೇಳಿದ.

'ಬೇಡಿ ಅಳಿಯಂದ್ರೇ. ನನ್ನ ಪೆಟ್ಟಿಗೆಗೆ ಇನ್ನು ಕೈ ಹಾಕ್ಬೇಡಿ.'

ಗುಡುಗಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ.